ಡ್ರೈಯರ್ ರಿಪೇರಿಗೆ ಬಂದ ಜಾಬರ್

ಕಳೆದ ವಾರ ನಮ್ಮ ಬನಹಟ್ಟಿಯಲ್ಲಿ ಒಬ್ಬ ಜಾಬರ್ ತೀರಿಕೊಂಡರು. ಜಾಬರ್ ಎಂದರೆ ಪವರ್‌ಲೂಮ್ ಮಗ್ಗ ರಿಪೇರಿ ಮಾಡುವವರು. ಓಣಿ ಓಣಿಗೂ ಮಗ್ಗದ ಶೆಡ್ಡುಗಳಿರುವ ಈ ಊರಿನಲ್ಲಿ ಡಾಕ್ಟರು ತಡವಾಗಿ ಬಂದರೆ ಯಾರೂ ಏನೂ ಅನ್ನುವುದಿಲ್ಲ, ಜಾಬರ್ ತಡವಾದರೆ ಮನೆಮಂದಿಯೆಲ್ಲ ಬೀದಿಗೆ ಬಂದು ನಿಲ್ಲುತ್ತಾರೆ. ಮಣ್ಣು ಮಾಡಿದ ದಿನ ನಾನು ಹೆಂಗಸರ ನಡುವೆ ಕೂತಿದ್ದೆ. ಅಷ್ಟು ಹೊತ್ತಿನಲ್ಲಿ ಮೂರು ಸಲ, ಮೂರು ಬೇರೆ ಬೇರೆ ಬಾಯಿಂದ ಒಂದೇ ಮಾತು ಕೇಳಿದೆ: "ಜಾಬರ್ ಛಲೋ ಇದ್ದ ಬಿಡ್ರಿ. ಆದ್ರ ಒಬ್ಬಾಕಿ ಕಣ್ಣು ಕಳದು ಹೆಸರು ಕೆಡಿಸಿಕೊಂಡ."

ನನಗೆ ಮೈಯೆಲ್ಲ ಉರಿಯಿತು. ಯಾಕೆಂದರೆ ಅದು ಸುಳ್ಳು ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡು ಕೂತಿದ್ದೆ. ಈಗ ಬರೆಯುತ್ತಿರುವುದು ಅದಕ್ಕೇ. ಅವರ ಹೆಸರು ಬರೆಯುವುದಿಲ್ಲ; ನಾನು ಅವರನ್ನು ಕರೆಯುತ್ತಿದ್ದುದೇ ಕಾಕಾ ಎಂದು.

ಮೊದಲು ಆ ಕಣ್ಣಿನ ವಿಷಯ ಹೇಳಿಬಿಡುತ್ತೇನೆ. ನಮ್ಮ ಗಂಡನ ಮನೆಯಲ್ಲಿ ಎಂಟು ಮಗ್ಗಗಳಿದ್ದವು. ಮಾವ ಹೋದ ಮೇಲೆ ಶೆಡ್ಡನ್ನು ನಡೆಸುತ್ತಿದ್ದವರು ನಮ್ಮ ಅತ್ತೆ. ಕಾಕಾ ಅಲ್ಲಿ ಹದಿನೈದು ವರ್ಷದಿಂದ ಜಾಬರ್. ಮಗ್ಗದಲ್ಲಿ ನೂಲು ಹೊತ್ತು ಆ ಕಡೆ ಈ ಕಡೆ ಓಡುವ ಲಾಳಿ ಆಗಾಗ ಹಾದಿ ತಪ್ಪಿ ಹೊರಗೆ ಹಾರುತ್ತದೆ. ಹಾರಿದರೆ ಮನುಷ್ಯರಿಗೆ ಬಡಿಯಬಾರದೆಂದು ಮುಂದೆ ಒಂದು ಕಬ್ಬಿಣದ ಕಂಬಿ ಹಾಕಿರುತ್ತಾರೆ. ಬಾಗಲಕೋಟೆ ಹೊಸ ಜಿಲ್ಲೆಯಾದ ಮರುವರ್ಷ ಒಂದು ದಿನ ಆರನೆಯ ಮಗ್ಗದ ಲಾಳಿ ಹಾರಿತು. ಕಂಬಿ ಇರಲಿಲ್ಲ, ಯಾರೋ ಬಿಚ್ಚಿ ಗೋಡೆಗೆ ಒರಗಿಸಿದ್ದರು. ಪಕ್ಕದಲ್ಲಿ ಕೂತು, ಲಾಳಿಯೊಳಗೆ ಇಡುವ ಕಟ್ಟಿಗೆಯ ಕಂಡಿಕೆಗೆ ನೂಲು ಸುತ್ತುತ್ತಿದ್ದ ಹೆಂಗಸಿನ ಎಡಗಣ್ಣಿಗೆ ಬಡಿಯಿತು. ಮಿರಜಿನ ಆಸ್ಪತ್ರೆಗೆ ಒಯ್ದರೂ ಕಣ್ಣು ಉಳಿಯಲಿಲ್ಲ.

"ಕಂಬಿ ಯಾರು ಬಿಚ್ಚಿದ್ರು?" ಎಂದು ಅತ್ತೆ ಶೆಡ್ಡಿನ ನಡುವೆ ನಿಂತು ಕೇಳಿದರಂತೆ. ಕಾಕಾ ಮುಂದೆ ಬಂದು, "ಮಗ್ಗದ ಜವಾಬ್ದಾರಿ ನಂದರಿ ಅವ್ವಾರ" ಎಂದರಂತೆ. ಅಷ್ಟೇ. ಅವತ್ತೇ ಅತ್ತೆ ಅವರನ್ನು ಕೆಲಸದಿಂದ ಬಿಡಿಸಿದರು. ಬನಹಟ್ಟಿ ಹೋಗಲಿ, ಪಕ್ಕದ ರಬಕವಿಯಲ್ಲಿ ಸಹ ಒಬ್ಬ ಸಾವುಕಾರನೂ ಆಮೇಲೆ ಅವರನ್ನು ಜಾಬರ್ ಎಂದು ಶೆಡ್ಡಿನೊಳಗೆ ಬಿಟ್ಟುಕೊಳ್ಳಲಿಲ್ಲ. ಮನೆಯ ಕಟ್ಟೆಯ ಮೇಲೆ ಕೂತು ಮಿಕ್ಸರು, ಫ್ಯಾನು, ಕೂಲರು ರಿಪೇರಿ ಮಾಡುವುದಕ್ಕೆ ಶುರು ಮಾಡಿದರು.

ಇದಾದ ತಿಂಗಳಿಗೆ ನಾನು ಗಲಗಲಿಯಿಂದ ಆ ಮನೆಗೆ ಸೊಸೆಯಾಗಿ ಬಂದೆ.

ಹಾಗಾಗಿ ಮಗ್ಗದ ಮುಂದೆ ಅವರು ಹೇಗಿದ್ದರೋ ನಾನು ಕಂಡವಳಲ್ಲ. ನಮ್ಮ ಮನೆಯವರು ಯಾವಾಗಲಾದರೂ ಒಳ್ಳೆಯ ಮನಸ್ಸಿನಲ್ಲಿದ್ದಾಗ ಒಂದೆರಡು ಮಾತು ಹೇಳುತ್ತಿದ್ದರು. ಮಗ್ಗದೊಳಗೆ ಕೈ ಹಾಕುವ ಮೊದಲು ಕಾಕಾ ಅದನ್ನು ತಿರುಗಿಸುವ ಮೋಟರಿನ ಪಟ್ಟಾ ಕಳಚಿ ತಮ್ಮ ಕೊರಳಿಗೆ ಹಾಕಿಕೊಳ್ಳುತ್ತಿದ್ದರಂತೆ. ಪಟ್ಟಾ ಕೊರಳಲ್ಲಿದ್ದರೆ ಯಾರು ಏನು ಮರೆತರೂ ಮಗ್ಗ ತಿರುಗುವುದಿಲ್ಲ. ಮೂವತ್ತು ವರ್ಷ ಮಗ್ಗದ ಸದ್ದಿನಲ್ಲಿ ಕಳೆದು ಅವರ ಕಿವಿ ಮುಕ್ಕಾಲು ಹೋಗಿತ್ತು. ಎದುರಿನವರ ತುಟಿ ನೋಡಿ ಮಾತು ತಿಳಿಯುತ್ತಿದ್ದರು, ತಾವು ಮಾತಾಡಿದರೆ ಇಡೀ ಓಣಿಗೆ ಕೇಳುತ್ತಿತ್ತು. ಗುಟ್ಟಿನ ಮಾತೇನಾದರೂ ಇದ್ದರೆ ಅವರ ಜೊತೆ ಆಡುವ ಹಾಗೇ ಇರಲಿಲ್ಲ. ಇಂಥವರು ಇಷ್ಟು ದೊಡ್ಡ ಗುಟ್ಟನ್ನು ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದರು ನೋಡಿ.

ನಾನು ಅವರನ್ನು ಮೊದಲು ಕಂಡದ್ದು ಒಂದು ಮಿಕ್ಸರಿನ ನೆಪದಲ್ಲಿ. ಅತ್ತೆಗೆ ಅವರ ಹೆಸರೆತ್ತಿದರೆ ಆಗುತ್ತಿರಲಿಲ್ಲ, ಅದಕ್ಕೆ ಮಿಕ್ಸರನ್ನು ಸೆರಗಿನಲ್ಲಿ ಮುಚ್ಚಿಕೊಂಡು ಕೂಸನ್ನು ಎತ್ತಿಕೊಂಡ ಹಾಗೆ ಹೋಗಿದ್ದೆ. ಒಣ ಕೊಬ್ಬರಿ ಹಾಕಿ ಒಂದೇ ಸಮನೆ ತಿರುವಿ ನಾನೇ ಸುಟ್ಟಿದ್ದೆ. ತಪ್ಪು ಒಪ್ಪಿಕೊಳ್ಳಲು ಬಾಯಿ ತೆರೆದರೆ ಅವರು ಕೈ ಅಡ್ಡ ಹಿಡಿದರು. "ಯಾರು ಕೆಡಿಸಿದ್ರು ಅನ್ನೂದು ನನಗ ಬ್ಯಾಡ್ರಿ ಅಕ್ಕಾರ. ಏನು ಕೆಟ್ಟೈತಿ ಅಷ್ಟ ಹೇಳ್ರಿ." ಇದು ಅವರ ಖಾಯಂ ಮಾತು. ಯಾರು ಏನು ತಂದರೂ ಹೀಗೇ. ಮೊದಮೊದಲು ನನಗೆ ಇದು ಸ್ವಲ್ಪ ಸೊಕ್ಕು ಅನ್ನಿಸಿತ್ತು.

ಮುಂದೆ ಹತ್ತು ವರ್ಷದ ಹೊತ್ತಿಗೆ ನಾವು ಮಗ್ಗ ಮಾರಿ ನೂಲಿನ ಅಂಗಡಿ ಇಟ್ಟಿದ್ದೆವು. ಅತ್ತೆಗೆ ಲಕ್ವಾ ಹೊಡೆದು ಬಲಗೈ, ಬಲಗಾಲು ಬಿದ್ದುಹೋದವು. ಮಾತು ತೊದಲಿತು, ಬಾಯಿ ಒಂದು ಕಡೆ ಸೊಟ್ಟಗಾಯಿತು. ಮಲಗಿ ಮಲಗಿ ಬೆನ್ನಿನಲ್ಲಿ ಹುಣ್ಣಾಯಿತು. ಜಮಖಂಡಿಯ ಡಾಕ್ಟರು ಒಂದೇ ಮಾತು ಹೇಳಿದರು: ಹಸಿ ಬಟ್ಟೆ ಮೈಗೆ ತಾಗಬಾರದು. ಹೇಳುವುದಕ್ಕೆ ಅವರಿಗೇನು! ದಿನಕ್ಕೆ ಆರು ಹಾಸಿಗೆ ಬಟ್ಟೆ. ಮಳೆಯಲ್ಲಿ ಒಣಗುವುದಿಲ್ಲ, ಮಳೆ ನಿಂತು ಕಬ್ಬು ಕಡಿಯುವ ಹಂಗಾಮು ಬಂದರೆ ಹೊಲದಲ್ಲಿ ಕಬ್ಬಿನ ಒಣಗರಿ, ರವದಿ ಸುಟ್ಟ ಕರಿ ಹಾರಿಬಂದು ಒಣಹಾಕಿದ ಬಿಳಿ ಬಟ್ಟೆಯ ಮೇಲೆಲ್ಲ ಕೂರುತ್ತದೆ.

ಆಗ ನಮ್ಮ ಮನೆಯವರು ಒಂದು ಡ್ರೈಯರ್ ತರಿಸಿದರು. ಗೋವಾದ ಯಾವುದೋ ಹೋಟೆಲಿನವರು ಹಳೆಯ ಸಾಮಾನು ತೆಗೆಯುತ್ತಿದ್ದರಂತೆ. ನಮ್ಮೂರ ಸೀರೆ ಒಯ್ದ ಟೆಂಪೊ ವಾಪಸು ಬರುವಾಗ ಅದನ್ನು ಹೇರಿಕೊಂಡು ಬಂತು. ನೋಡಲಿಕ್ಕೆ ವಾಷಿಂಗ್ ಮಷಿನ್ನೇ, ದುಂಡು ಗಾಜಿನ ಬಾಗಿಲು. ಆದರೆ ಇದು ಒಗೆಯುವುದಿಲ್ಲ, ಬಿಸಿ ಗಾಳಿಯಲ್ಲಿ ಬಟ್ಟೆ ಹೊರಳಾಡಿಸಿ ಒಣಗಿಸುತ್ತದೆ ಅಷ್ಟೇ. ಬಳಸುವುದು ಹೇಗೆಂಬ ಪುಸ್ತಕ ಗೋವಾದಲ್ಲೇ ಉಳಿದಿತ್ತು. ಒಂದು ಹದಿನೈದು ದಿನ ಎಷ್ಟು ಚೆಂದ ನಡೆಯಿತೆಂದರೆ ಓಣಿಯ ಹೆಂಗಸರು ತಮ್ಮ ತಮ್ಮ ಟವೆಲ್ ತಂದು ನೋಡಿಕೊಂಡು ಹೋದರು.

ಆಮೇಲೆ ಕೆಂಪು ದೀಪ ಹತ್ತಿ ಯಂತ್ರ ನಿಂತಿತು. ದೀಪದ ಪಕ್ಕದಲ್ಲಿ ಒಂದು ನೀರಿನ ಹನಿ, ಒಂದು ತೊಟ್ಟಿಯ ಚಿತ್ರ. ಮೇಲಿನ ಮೂಲೆಯಲ್ಲಿ ಡಬ್ಬಿಯಂಥ ಟಾಕಿ ಇತ್ತು. ಎಳೆದು ನೋಡಿದರೆ ತುಂಬ ನೀರು. ನಾನು ಬೇಸಿಗೆಯಲ್ಲಿ ಕೂಲರ್ ಕಂಡವಳು. ಕೂಲರಿನ ನೀರು ಹಳತಾದರೆ ಚೆಲ್ಲಿ ಹೊಸ ನೀರು ತುಂಬುತ್ತೇವಲ್ಲ, ಇದಕ್ಕೂ ಅದೇ ಬೇಕಾಗಿದೆ ಎಂದುಕೊಂಡೆ. ಹಳೆಯ ನೀರು ಚೆಲ್ಲಿದೆ, ಬೋರಿನ ನೀರನ್ನು ಅರಿವೆಯಲ್ಲಿ ಸೋಸಿ ಗಂಟಲಮಟ ತುಂಬಿ ಇಟ್ಟೆ. ಐದು ನಿಮಿಷ ತಿರುಗಿ ಮತ್ತೆ ನಿಂತಿತು. ಮತ್ತೆ ಚೆಲ್ಲಿದೆ, ಮತ್ತೆ ತುಂಬಿದೆ. ಹೀಗೆ ಒಂಬತ್ತು ದಿನ. ಕೊನೆಗೆ ಗುಂಡಿ ಒತ್ತಿದರೂ ಅಲುಗಾಡದ ಹಾಗಾಯಿತು.

ಜಮಖಂಡಿಯಿಂದ ಒಬ್ಬ ಫ್ರಿಜ್ ಮೆಕ್ಯಾನಿಕ್ ಬಂದು ಹಿಂದೆ ಮುಂದೆ ತಟ್ಟಿ "ಗ್ಯಾಸ್ ಹೋಗೈತ್ರಿ" ಎಂದ. ಮುಧೋಳದಿಂದ ಬಂದ ಟಿವಿಯವನು "ಬೋರ್ಡ್ ಸುಟ್ಟೈತಿ, ಇಲ್ಲಿ ಸಿಗಾಂಗಿಲ್ಲ" ಎಂದ. ಅತ್ತೆಯ ಹುಣ್ಣು ಮತ್ತೆ ಹಸಿಯಾಗತೊಡಗಿತು. ಮಗ್ಗುಲು ಬದಲಿಸುವಾಗ ಆ ಗಟ್ಟಿ ಹೆಂಗಸು ತುಟಿ ಕಚ್ಚಿ ಅಳುವುದನ್ನು ನನ್ನಿಂದ ನೋಡಲಾಗಲಿಲ್ಲ. ಯಾರನ್ನೂ ಕೇಳದೆ ಚಪ್ಪಲಿ ಮೆಟ್ಟಿಕೊಂಡು ಕಾಕಾನ ಮನೆಗೆ ಹೋದೆ.

ಅವರ ಹೆಂಡತಿ ರೊಟ್ಟಿ ಬಡಿಯುತ್ತಿದ್ದರು. "ನಿಮ್ಮ ಮನಿಗಿ? ಇವರು?" ಎಂದು ಹಿಟ್ಟಿನ ಕೈಯನ್ನು ಹಾಗೇ ಹಿಡಿದುಕೊಂಡು ನನ್ನ ಮುಖ ನೋಡಿದರು. ಕಾಕಾ ನನ್ನ ತುಟಿ ನೋಡುತ್ತ ಪೂರ್ತಿ ಕೇಳಿಸಿಕೊಂಡರು.

"ಅವ್ವಾರು ಹೂಂ ಅಂದಾರೇನ್ರಿ?"

"ಕೇಳಿಲ್ಲ ಕಾಕಾ. ಬೆನ್ನಾಗ ಹುಣ್ಣ ಬಾಯಿ ತಗದೈತಿ."

ಅವರು ಎದ್ದು ಅಂಗಿ ತೊಟ್ಟರು.

ಹತ್ತು ವರ್ಷದ ಮೇಲೆ ಆ ಹೊಸ್ತಿಲು ದಾಟಿದ ಮನುಷ್ಯ ಅತ್ತಿತ್ತ ನೋಡಲಿಲ್ಲ, ನೆಟ್ಟಗೆ ಯಂತ್ರದ ಹತ್ತಿರ ಹೋಗಿ ಕೂತರು. ಮೊದಲು ಮಾಡಿದ ಕೆಲಸ, ಪ್ಲಗ್ ಕಿತ್ತು ತಮ್ಮ ಅಂಗಿಯ ಕಿಸೆಗೆ ಹಾಕಿಕೊಂಡದ್ದು. "ಕಿವಿ ಇಲ್ಲರಿ ನನಗ. ಚಾಲೂ ಮಾಡ್ತೀವಿ ಅಂತ ನೀವು ಒದರಿದ್ರ ಕೇಳಾಂಗಿಲ್ಲ." ಗ್ಯಾಸಿನ ಮಾತು ಹೇಳಿದೆ. ಹಿಂದಿನ ತಗಡು ಬಿಚ್ಚಿ ಇಣುಕಿ ನೋಡಿ ಓಣಿಗೆಲ್ಲ ಕೇಳುವ ಹಾಗೆ ನಕ್ಕರು. "ಇದರಾಗ ಗ್ಯಾಸ್ ಇದ್ದರಲ್ಲರಿ ಹೋಗಾಕ!"

ಆಮೇಲೆ ಮೇಲಿನ ಟಾಕಿ ಎಳೆದರು. ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿದರು. ಒಂದು ಸಲ ನನ್ನ ಮುಖ ನೋಡಿದರು. ನೀರನ್ನು ಬಚ್ಚಲಿಗೆ ಚೆಲ್ಲಿ ಬಂದರು.

ಕೆಳಗಿನ ಮೂಲೆಯಲ್ಲಿ ಒಂದು ಸಣ್ಣ ಬಾಗಿಲಿತ್ತು. ಅಂಥದೊಂದು ಇದೆ ಎಂಬುದೇ ನಮಗೆ ಗೊತ್ತಿರಲಿಲ್ಲ. ಅದರೊಳಗಿನ ಚಿಲಕ ತಿರುವಿ ಗಾಡಿಯ ರೇಡಿಯೇಟರಿನಂಥ ಒಂದು ಅಲ್ಯೂಮಿನಿಯಂ ಪೆಟ್ಟಿಗೆ ಹೊರಗೆಳೆದರು. ಅದರ ಸಂದುಗಳಲ್ಲಿ ಬಟ್ಟೆಯಿಂದ ಉದುರಿದ ಎಳೆಧೂಳು, ನುಸುಲು, ಕಂಬಳಿಯ ಹಾಗೆ ಮೆತ್ತಿಕೊಂಡಿತ್ತು. ಗೋವಾದ ಎಷ್ಟು ವರ್ಷದ ಟವೆಲುಗಳೋ! ಕಾಕಾನ ಮುಖ ಅರಳಿತು. "ಅಕ್ಕಾರ, ಇದು ನಮ್ಮ ಶೆಡ್ಡಿನ ರೋಗನ ಐತಿ. ಹತ್ತಿ ಧೂಳಿ ತುಂಬಿ ಉಸರ ಕಟ್ಟೈತಿ."

ಪೆಟ್ಟಿಗೆಯನ್ನು ಅಂಗಳಕ್ಕೆ ಒಯ್ದು ಪೈಪಿನ ನೀರಿನಲ್ಲಿ ಹಿಂದಿನಿಂದ ಮುಂದಕ್ಕೆ ತೊಳೆದರು. ನಾನು ಕೊಟ್ಟ ಬ್ರಶ್ ಮುಟ್ಟಲಿಲ್ಲ. ತಿಕ್ಕಿದರೆ ತೆಳು ತಗಡು ಮಡಚುತ್ತದಂತೆ. ಆಮೇಲೆ ಯಂತ್ರದ ತಳದಲ್ಲಿದ್ದ ಸಣ್ಣ ಕುಣಿಗೆ ಬ್ಯಾಟರಿ ಬಿಟ್ಟು ನೋಡಿದರು. ಅಲ್ಲಿ ನೀರು, ನೀರಿನಲ್ಲಿ ನುಸುಲಿನ ಕೆಸರು, ಕೆಸರಿನಲ್ಲಿ ಸಿಕ್ಕಿಬಿದ್ದ ಒಂದು ತೇಲುಬುರುಡೆ; ನೀರು ಎಷ್ಟಿದೆ ಎಂದು ಯಂತ್ರಕ್ಕೆ ತಿಳಿಸುವುದು ಅದೇ ಅಂತೆ. ನೇಕಾರರು ಹಣಿಗೆಯಲ್ಲಿ ಎಳೆ ಹಾಯಿಸುವ ಕೊಕ್ಕೆ ಅವರ ಕಿಸೆಯಲ್ಲಿ ಯಾವಾಗಲೂ ಇರುತ್ತಿತ್ತು. ಅದರಿಂದ ಒಂದೊಂದೇ ಜುಂಗು ಎಳೆದು ತೆಗೆದರು. ಒಂದು ತಾಸು ಹಿಡಿಯಿತು. ಅವಸರವೇ ಇಲ್ಲ. ನಡುವೆ ಚಹಾ ಕೊಟ್ಟರೆ ಆರಿ ತಣ್ಣಗಾದ ಮೇಲೆ ಕುಡಿದರು.

ಅಷ್ಟರಲ್ಲಿ ನಮ್ಮ ಮನೆಯವರು ಊಟಕ್ಕೆಂದು ಅಂಗಡಿಯಿಂದ ಬಂದರು. ಕಾಕಾನನ್ನು ಕಂಡು ಬಾಗಿಲಲ್ಲೇ ನಿಂತುಬಿಟ್ಟರು. ಕಾಕಾ ಏನೂ ಆಗಿಲ್ಲವೆನ್ನುವ ಹಾಗೆ, "ಬರ್ರಿ ಸಾವುಕಾರ, ನೋಡ್ರಿ" ಎಂದು ಯಂತ್ರದ ಗುಣ ಹೇಳತೊಡಗಿದರು. "ಹಸಿ ಬಟ್ಟಿ ಮ್ಯಾಲ ಬಿಸಿ ಗಾಳಿ ಹಾಯತೈತಿ. ಆ ಗಾಳಿ ಉಗಿ ಹೊತಗೊಂಡು ಈ ಪೆಟಗಿಗಿ ಬರತೈತಿ. ಇಲ್ಲಿ ತಣ್ಣಗಾಗಿ ನೀರಾಗತೈತಿ, ಅನ್ನದ ಗಡಗಿ ಮುಚ್ಚಳದಾಗ ಹನಿ ಕಟ್ಟತೈತೆಲ್ಲ ಹಂಗ. ನೀರು ಕುಣ್ಯಾಗ ಬೀಳತೈತಿ, ಪಂಪು ಅದನ್ನ ಮ್ಯಾಲಿನ ಟಾಕಿಗಿ ಎತ್ತತೈತಿ. ಟಾಕಿ ತುಂಬಿದ್ರ ಚೆಲ್ಲರಿ ಅಂತ ದೀಪ ಹತ್ತತೈತಿ."

ಚೆಲ್ಲಿರಿ ಎಂದು! ಬೇಡವೆಂದು ಅದು ಹೊರಗೆ ಹಾಕುವ ನೀರನ್ನು ಒಂಬತ್ತು ದಿನ ಅದರ ಬಾಯಿಗೇ ಸುರಿದಿದ್ದೆ. ತುಂಬಿದ ಟಾಕಿ ಉಕ್ಕಿ ಕುಣಿಗೆ ಇಳಿದು, ಇದ್ದ ನುಸುಲೆಲ್ಲ ನೆನೆದು ಕೆಸರಾಗಿತ್ತು.

ನಮ್ಮ ಮನೆಯವರಿಗೆ ಲೆಕ್ಕ ತಾಳೆಯಾಗಲಿಲ್ಲ. "ಮಷಿನ್ ನಾಕು ದಿನದಿಂದ ತಿರಗೇ ಇಲ್ಲ. ನಿನ್ನಿ ಖಾಲಿ ಇದ್ದ ಟಾಕಿ ಮುಂಜಾನೆ ತುಂಬಿದ್ದು ನಾನಽ ನೋಡೀನಿ. ಯಾರು ನೀರು ಹಾಕಿದ್ರು ಇದಕ್ಕ?"

"ಯಾರೂ ಹಾಕಿಲ್ಲ ಬಿಡ್ರಿ," ಎಂದರು ಕಾಕಾ. "ಹಳೇ ಮಷಿನ್. ನೀರು ತಾನ ಏರಿ ನಿಂತೈತಿ."

ನನಗೆ ಥಟ್ಟನೆ ಹೊಳೆಯಿತು. ನಮ್ಮ ಬೋರಿನ ನೀರು ಸವಳು. ಉಗಿಯಿಂದ ಇಳಿದ ನೀರಿಗೆ ರುಚಿಯೇ ಇರುವುದಿಲ್ಲ. ನಾಲಿಗೆಗೆ ಮುಟ್ಟಿಸಿದಾಗಲೇ ಅವರಿಗೆ ಎಲ್ಲ ತಿಳಿದಿತ್ತು. ತಿಳಿದೂ ನನ್ನ ಗಂಡನ ಮುಂದೆ ನನ್ನ ಮಾನ ಕಾಯುತ್ತಿದ್ದರು.

"ನಾನಽ ಹಾಕೇನ್ರಿ," ಎಂದೆ. "ಕೂಲರಿನಂಗ ಅಂತ ತಿಳಕೊಂಡು ದಿನಾ ತುಂಬೀನಿ. ಕಾಕಾ ಸುಳ್ಳ ಹೇಳಾಕತ್ತಾರ."

ಬೈಗುಳ ಬರುತ್ತದೆಂದು ಕಾದೆ. ಬರಲಿಲ್ಲ. ನಮ್ಮ ಮನೆಯವರು ನನ್ನನ್ನಲ್ಲ, ಕಾಕಾನನ್ನು ನೋಡುತ್ತಿದ್ದರು. ಕಾಕಾ ತಲೆ ಎತ್ತದೆ ಪೆಟ್ಟಿಗೆಯನ್ನು ಒಳಗೆ ತಳ್ಳಿ ಚಿಲಕ ಹಾಕಿದರು. "ಹಾಕಿದ್ರ ಏನಾತೀಗ? ಚೆಲ್ಲೇನೆಲ್ಲ," ಎಂದರು.

ಪ್ಲಗ್ಗು ಕಿಸೆಯಿಂದ ಗೋಡೆಗೆ ಹೋಯಿತು. ಕಿಸೆಯಲ್ಲಿದ್ದ ಖಾಲಿ ಕಂಡಿಕೆಯೊಂದನ್ನು ಹಲ್ಲಿನಲ್ಲಿ ಕಚ್ಚಿ ಅದರ ಇನ್ನೊಂದು ತುದಿಯನ್ನು ಯಂತ್ರಕ್ಕೆ ಒತ್ತಿ ಹಿಡಿದರು. ಕಿವಿ ಹೋದವರು ಹಲ್ಲಿನಿಂದ ಪಂಪಿನ ಸದ್ದು ಕೇಳುವ ರೀತಿ ಅದು. ಹೂಂ ಎಂದು ತಲೆಯಾಡಿಸಿದರು. ಮುಕ್ಕಾಲು ತಾಸಿಗೆ ಬಟ್ಟೆ ಒಣಗಿ ಬಿಸಿಬಿಸಿಯಾಗಿ ಹೊರಗೆ ಬಂತು.

ಅದನ್ನು ಅತ್ತೆಯ ಬೆನ್ನಿನ ಕೆಳಗೆ ಹಾಸಿದೆ. ಅವರು ಕಣ್ಣು ಮುಚ್ಚಿ, "ಯಾ... ರು... ಮಾಡಿದ್ರು?" ಎಂದರು. ಸುಳ್ಳು ಹೇಳಲಿಲ್ಲ ನಾನು. ಕಾಕಾನನ್ನು ಒಳಗೆ ಕರೆಸಿಕೊಂಡರು. ಎಡಗೈ ಎತ್ತಿ, ತೊದಲುತ್ತ, ನಿಲ್ಲಿಸಿ ನಿಲ್ಲಿಸಿ ಹೇಳಿದರು: "ಕೈ... ಛಲೋ ಐತಿ ನಿಂದು. ಆದ್ರ ಆ ಹೆಣಮಗಳ ಕಣ್ಣು... ನಾ ಸಾಯೂತನಕ ಮರಿಯಾಂಗಿಲ್ಲ."

ಸೊಟ್ಟ ತುಟಿಯ ಮಾತು ಕಾಕಾನಿಗೆ ತಿಳಿಯಲಿಲ್ಲ. ನಮ್ಮ ಮನೆಯವರ ಕಡೆ ತಿರುಗಿ, "ಅವ್ವಾರು ಏನಂದ್ರು?" ಎಂದು ಕೇಳಿದರು. ಇಡೀ ಮಾತನ್ನು ನಮ್ಮ ಮನೆಯವರು ಗಟ್ಟಿಯಾಗಿ, ಅವರಿಗೆ ಕಾಣುವ ಹಾಗೆ ಮತ್ತೆ ಹೇಳಬೇಕಾಗಿತ್ತು.

"ಕೈ ಛಲೋ ಐತಿ ಅಂದ್ರು ಕಾಕಾ," ಎಂದರು. ಅಲ್ಲಿಗೇ ನಿಲ್ಲಿಸಿದರು.

ಕಾಕಾ ಅತ್ತೆಗೆ ಎರಡೂ ಕೈ ಮುಗಿದು ಹೊರಗೆ ನಡೆದರು.

ಅವತ್ತು ಸಂಜೆ ನಮ್ಮ ಮನೆಯವರು ನನ್ನನ್ನು ಹಿತ್ತಲಿಗೆ ಕರೆದು ಹೇಳಿದರು: "ಕಂಬಿ ಬಿಚ್ಚಿದಾಂವ ನಾನು." ಕಡಿದ ಎಳೆ ಕೂಡಿಸಲು ಅಡ್ಡ ಬರುತ್ತದೆಂದು ಹಿಂದಿನ ದಿನ ಪಾನಾ ಹಿಡಿದು ತಾವೇ ಬಿಚ್ಚಿದ್ದರಂತೆ, ಮತ್ತೆ ಹಾಕಲು ಮರೆತರಂತೆ. ಅದೇ ವಾರ ನಮ್ಮಪ್ಪ ಗಲಗಲಿಯಿಂದ ಹುಡುಗ ಹೇಗೆ ಎಂದು ವಿಚಾರಿಸಲು ಬನಹಟ್ಟಿಗೆ ಬರುವವನಿದ್ದ. ಒಬ್ಬ ಹೆಂಗಸಿನ ಕಣ್ಣು ಕಳೆದ ಹುಡುಗ ಎಂದು ತಿಳಿದರೆ ಅಪ್ಪ ಬಸ್ಸಿನಿಂದ ಇಳಿಯುತ್ತಲೂ ಇರಲಿಲ್ಲ. ಮುಂದೆ ಬಂದು ಒಪ್ಪಿಕೊಳ್ಳಲು ಹೊರಟ ಇವರ ರಟ್ಟೆ ಹಿಡಿದು ಕಾಕಾ ಹಿಂದಕ್ಕೆ ಸರಿಸಿದ್ದರು. "ಮದುವಿ ಹುಡುಗ ನೀ, ಸುಮ್ಮ ಇರು" ಎಂದಿದ್ದರಂತೆ.

ಎರಡು ದಿನ ನಾನು ಗಂಡನ ಜೊತೆ ಮಾತಾಡಲಿಲ್ಲ. ಸಿಟ್ಟು ಅವರ ಮೇಲೋ, ಕಾಕಾನ ಮೇಲೋ, ಯಾರಿಗೂ ಗೊತ್ತಿಲ್ಲದೆ ಕಾಕಾನ ಅನ್ನ ಕಸಿದು ಬಂದ ನನ್ನ ಮದುವೆಯ ಮೇಲೋ, ಹೇಳಲಾರೆ. ಮೂರನೆಯ ದಿನ ಮುಂಜಾನೆ ನಾನೇ ಗಂಡನನ್ನು ಎಬ್ಬಿಸಿಕೊಂಡು ಕಾಕಾನ ಕಟ್ಟೆಗೆ ಹೋದೆ. ಅತ್ತೆಗೆ ನಿಜ ಹೇಳುತ್ತೇವೆ, ನೀವೂ ಬನ್ನಿ ಎಂದೆ.

ಅವರು ಕೆಲಸ ನಿಲ್ಲಿಸಲೇ ಇಲ್ಲ. ಅಷ್ಟು ಮೆಲ್ಲಗೆ ಅವರು ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. "ಬ್ಯಾಡ್ರಿ ಅಕ್ಕಾರ. ಮಗ ಛಲೋ ಅದಾನ ಅನ್ನೂ ಧೈರ್ಯಾದ ಮ್ಯಾಲ ಅವ್ವಾರು ಮಲಗ್ಯಾರ. ಅದನ್ನ ಯಾಕ ಕಸಗೋತೀರಿ?"

ಆಮೇಲೆ ತಿಂಗಳಿಗೊಮ್ಮೆ ಬಂದು ಆ ಪೆಟ್ಟಿಗೆ ತೊಳೆದುಕೊಟ್ಟು ಹೋಗುತ್ತಿದ್ದರು. ಬಾಗಿಲ ಬಾಯಲ್ಲಿ ನುಸುಲು ಹಿಡಿಯುವ ಜಾಲರಿಯನ್ನು ಪ್ರತಿ ಸಲ ಒರೆಸಬೇಕೆಂದು ನನಗೂ ಕಲಿಸಿದರು. ಅತ್ತೆಯ ಹುಣ್ಣು ಮಾಯಿತು. ಎರಡು ವರ್ಷ ಬದುಕಿ, ನಿಜ ತಿಳಿಯದೆ ಹೋದರು. ಅವರು ಹೋದ ಮೇಲಾದರೂ ನಾವು ಊರಿಗೆ ಹೇಳಬಹುದಿತ್ತು. ಹೇಳಲಿಲ್ಲ. ಇವತ್ತು, ನಾಳೆ ಎಂದು ದೂಡಿದೆವು. ಕಾಕಾ ಬೇಡ ಎಂದಿದ್ದಾರೆ ಎನ್ನುವುದು ನಮಗೆ ಹಾಯಾದ ನೆಪವಾಗಿತ್ತು. ನಾಚಿಕೆಗೇಡು, ಬೇರೆ ಶಬ್ದ ನನ್ನ ಹತ್ತಿರ ಇಲ್ಲ.

ಕಾಕಾ ಹೋದ ಮೂರನೆಯ ದಿನ ಅವರ ಅಂಗಳದಲ್ಲಿ ಮಂದಿ ಕೂಡಿದ್ದರು. ಹಳೆಯ ಸಾವುಕಾರರು, ನೇಕಾರರು, ಓಣಿಯ ಹೆಂಗಸರು. ಯಾರೋ ಮತ್ತೆ ಅದೇ ಕಣ್ಣಿನ ಮಾತು ತೆಗೆದರು. ನಾನು ಗಂಡನ ಕಡೆ ನೋಡಿದೆ. ಅವರಾಗಲೇ ಎದ್ದು ನಿಂತಿದ್ದರು.

"ಆ ಕಂಬಿ ಬಿಚ್ಚಿದಾಂವ ನಾನು," ಎಂದರು. "ಕಾಕಾ ನನ್ನ ಸಲುವಾಗಿ ಮೈಮ್ಯಾಲ ಹಾಕ್ಕೊಂಡ. ಆಂವ ಏನೂ ಮಾಡಿದ್ದಿಲ್ಲ."

ಆಗ ಹಿಂದಿನ ಸಾಲಿನಿಂದ ಆ ಕಂಡಿಕೆ ಸುತ್ತುವ ಹೆಂಗಸು, ಒಂದು ಕಣ್ಣು ಕಳೆದುಕೊಂಡವಳು, ಎದ್ದಳು. "ನೀವು ಬಿಚ್ಚಿದ್ದನ್ನ ನಾ ನೋಡಿದ್ನಿ ಸಾವುಕಾರ," ಎಂದಳು. "ಹೇಳಿದ್ರ ನಿಮ್ಮ ಶೆಡ್ಡಿನಾಗ ಕೆಲಸ ಹೋಗತಿತ್ತು. ಒಕ್ಕಣ್ಣಿನಾಕಿಗಿ ಮತ್ತ ಯಾರು ಕೊಡತಿದ್ರು? ಬಾಯಿ ಮುಚಗೊಂಡ್ನಿ. ಬೈಯೂದಿದ್ರ ನನ್ನನ್ನೂ ಕೂಡಿಸಿ ಬೈರಿ."

ಯಾರೂ ಯಾರನ್ನೂ ಬೈಯಲಿಲ್ಲ. ಎಲ್ಲರೂ ಬಾಗಿಲ ಹತ್ತಿರ ಕೂತಿದ್ದ ಕಾಕಾನ ಹೆಂಡತಿಯ ಕಡೆ ನೋಡಿದರು. ಆಕೆ ನಮ್ಮ ಮನೆಯವರನ್ನೂ ನೋಡಲಿಲ್ಲ, ಆ ಹೆಂಗಸನ್ನೂ ನೋಡಲಿಲ್ಲ. ಸೆರಗನ್ನು ಬಾಯಿಗೆ ಒತ್ತಿಕೊಂಡು, ತೆಗೆದು, ಹೇಳಿದರು:

"ಸಿಟ್ಟು ಬಂದಾಗೆಲ್ಲ ನಾನೂ ಅದನ್ನಽ ಆಡತಿದ್ನೆಲ್ಲೋ ಯಪ್ಪಾ. ಒಬ್ಬಾಕಿ ಕಣ್ಣ ತಿಂದಾಂವ ಅಂತ, ಉಣ್ಣಾಕ ಕುಂತಾಗ ಅಂದೀನಿ. ನನ್ನ ತುಟಿ ನೋಡಿ ಎಲ್ಲಾ ತಿಳಕೋತಿದ್ದ. ತಿಳಕೊಂಡು ಸುಮ್ಮ ಉಂಡು ಏಳತಿದ್ದ."